ಕಾರಿನ ಸಬ್‌ವೂಫರ್ ಡಬ್ಬ: ಹಲಗೆ ಕೊಯ್ಯುವ ಮುಂಚಿನ ಲೆಕ್ಕ

ಅಕ್ಕನ ಕಾರಿನಲ್ಲಿ ಮೊದಲು ಇದ್ದದ್ದು ರೆಡಿಮೇಡ್ ಡಬ್ಬ. 12 ಇಂಚಿನ ಸಬ್‌ವೂಫರ್ (ತಗ್ಗಿನ ಸ್ವರ, ಅಂದರೆ ಬೇಸ್ ಹೊರಡಿಸುವ ಸ್ಪೀಕರ್), ಪಕ್ಕದಲ್ಲೊಂದು ಪೈಪ್ ಬಾಯಿ, ನೋಡೋಕೆ ಅಚ್ಚುಕಟ್ಟಾಗಿತ್ತು. ಹಾಡು ಹಾಕಿದರೆ ಮಾತ್ರ ಒಂದೇ ಸ್ವರ ಗುಂಯ್ ಅಂತ ಎದ್ದು ಬರುತ್ತಿತ್ತು. ಬೇಸ್ ಗಿಟಾರ್ ನಾಲ್ಕು ಮೆಟ್ಟಿಲು ಇಳಿದರೆ ಎರಡನೇ ಮೆಟ್ಟಿಲಿಗೆ ಇಡೀ ಕಾರು ಅದುರುತ್ತಿತ್ತು. ನಾಲ್ಕನೇದು ಕಿವಿಗೇ ಬೀಳುತ್ತಿರಲಿಲ್ಲ. "ಸದ್ದೇನೋ ಜೋರಾಗಿದೆ ಕಣೋ, ಹಾಡು ಎಲ್ಲಿ?" ಅಂತ ಅಕ್ಕ ಕೇಳಿದಳು.

ಆ ಪ್ರಶ್ನೆಗೆ ಉತ್ತರ ಡಿಕ್ಕಿಯಲ್ಲೇ ಸಿಕ್ಕಿತು. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಸದ್ದು ಕಮ್ಮಿ ಇಟ್ಟು, 60 ಹರ್ಟ್ಸ್‌ನಿಂದ (ಅಂದರೆ ಸೆಕೆಂಡಿಗೆ 60 ಅದುರು) ಒಂದೊಂದೇ ಇಳಿಸುತ್ತಾ ಸ್ಪೀಕರಿನ ಕೋನನ್ನೇ, ಅಂದರೆ ಹಿಂದೆ ಮುಂದೆ ಆಡುವ ಅದರ ಮುಖವನ್ನೇ, ನೋಡುತ್ತಾ ಕೂತೆ. 48ರ ಹತ್ತಿರ ಕೋನ್ ಹೆಚ್ಚುಕಮ್ಮಿ ನಿಂತೇಬಿಟ್ಟಿತು. ಆದರೆ ಪೈಪ್ ಬಾಯಿಗೆ ಕೈ ಒಡ್ಡಿದರೆ ಗಾಳಿ ಅಂಗೈಗೆ ಪಟಪಟ ಬಡಿಯುತ್ತಿತ್ತು. 40ಕ್ಕೆ ಇಳಿಸಿದೆ. ಕೋನ್ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಕುಣಿಯಿತು, ಸದ್ದು ಮಾತ್ರ ಇಲ್ಲ. ಅಂದರೆ ಆ ಡಬ್ಬದ ಟ್ಯೂನಿಂಗ್, ಪೈಪಿನ ಗಾಳಿ ಜೋರಾಗಿ ಅದುರುವ ಸ್ವರ, 48 ಹರ್ಟ್ಸ್. ಬೇಸ್ ಗಿಟಾರಿನ ದಪ್ಪ ತಂತಿ ಬಿಟ್ಟು ಮೀಟಿದರೆ ಬರುವುದು 41 ಹರ್ಟ್ಸ್. ಡಬ್ಬ 48ರಲ್ಲಿ ಕೂಗಿ, ಅದರ ಕೆಳಗಿನದನ್ನೆಲ್ಲ ಕೈಬಿಡುತ್ತಿತ್ತು.

ನಾನು ಸ್ಪೀಕರ್ ಬದಲಾಯಿಸಲಿಲ್ಲ, ಆಂಪ್ (ಆಂಪ್ಲಿಫೈಯರ್) ಬದಲಾಯಿಸಲಿಲ್ಲ. ಡಬ್ಬ ಒಂದನ್ನೇ ಹೊಸದಾಗಿ ಮಾಡಿದೆ. ಈಗ ನಾಲ್ಕು ಮೆಟ್ಟಿಲೂ ಕೇಳಿಸುತ್ತವೆ. ಅದನ್ನು ಹೇಗೆ ಮಾಡಿದೆ ಅಂತ ಲೆಕ್ಕದ ಸಮೇತ ಬರೆಯುತ್ತೇನೆ.

ಸ್ಪೀಕರ್ ಜೊತೆ ಬರುವ ಚೀಟಿ ಎಸೆಯಬೇಡಿ

ಕೋನ್ ಮುಂದಕ್ಕೆ ಹೋದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನ ಗಾಳಿ ಹಿಗ್ಗುತ್ತದೆ. ಡಬ್ಬ ಇಲ್ಲದಿದ್ದರೆ ಎರಡೂ ಅಂಚಿನಲ್ಲಿ ಸುತ್ತಿ ಬಂದು ಒಂದನ್ನೊಂದು ತಿಂದುಹಾಕುತ್ತವೆ. ಬೇಸ್ ಸಿಗುವುದಿಲ್ಲ. ಡಬ್ಬದ ಮೊದಲ ಕೆಲಸ ಆ ಎರಡನ್ನೂ ಬೇರೆ ಮಾಡುವುದು. ಎರಡನೇ ಕೆಲಸ ಇನ್ನೂ ದೊಡ್ಡದು. ಒಳಗೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗ್ ಥರ ಕೋನನ್ನು ಹಿಡಿದು ಎಳೆಯುತ್ತದೆ. ಡಬ್ಬ ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ. 1954ರಲ್ಲಿ ಎಡ್ಗರ್ ವಿಲ್ಚರ್ ಈ ಗಾಳಿ ಸ್ಪ್ರಿಂಗನ್ನೇ ನಂಬಿ ಚಿಕ್ಕ ಮುಚ್ಚಿದ ಡಬ್ಬದಲ್ಲಿ ಆಳವಾದ ಬೇಸ್ ತೆಗೆದು ತೋರಿಸಿದರು. ಆಮೇಲೆ 1961ರಲ್ಲಿ ನೆವಿಲ್ ಥೀಲ್, 1970ರ ದಶಕದ ಶುರುವಿನಲ್ಲಿ ರಿಚರ್ಡ್ ಸ್ಮಾಲ್, ಯಾವ ಸ್ಪೀಕರಿಗೆ ಎಂಥ ಡಬ್ಬ ಬೇಕು ಅನ್ನುವುದನ್ನು ಕೆಲವೇ ಅಂಕಿಗಳಿಗೆ ಇಳಿಸಿದರು. ಅದಕ್ಕೇ ಇವತ್ತಿಗೂ ಚೀಟಿಯ ಮೇಲೆ ಥೀಲ್-ಸ್ಮಾಲ್ ಪ್ಯಾರಾಮೀಟರ್ ಅಂತ ಇರುತ್ತದೆ.

ನಿಮಗೆ ಮೊದಲು ಬೇಕಾದದ್ದು ಮೂರು. ಎಫ್‌ಎಸ್ ಅಂದರೆ ಡಬ್ಬವಿಲ್ಲದೆ ಸ್ಪೀಕರ್ ತಾನಾಗಿ ಯಾವ ಹರ್ಟ್ಸ್‌ನಲ್ಲಿ ಅದುರಲು ಇಷ್ಟಪಡುತ್ತದೆ ಅನ್ನುವುದು. ಕ್ಯೂಟಿಎಸ್ ಅಂದರೆ ಆ ಅದುರನ್ನು ಎಷ್ಟು ಬೇಗ ಹಿಡಿದು ನಿಲ್ಲಿಸುತ್ತದೆ ಅನ್ನುವುದು. ಅಂಕಿ ಕಮ್ಮಿ ಇದ್ದಷ್ಟೂ ಹಿಡಿತ ಜಾಸ್ತಿ. ವಾಸ್ ಅಂದರೆ ಕೋನಿನ ರಬ್ಬರು, ಬಟ್ಟೆಯ ಬಿಗಿತಕ್ಕೆ ಸಮನಾದ ಬಿಗಿತ ಎಷ್ಟು ಲೀಟರ್ ಗಾಳಿಗೆ ಇದೆ ಅನ್ನುವುದು. ವಾಸ್ ಕೆಲವು ಚೀಟಿಯಲ್ಲಿ ಘನ ಅಡಿಯಲ್ಲಿ ಇರುತ್ತದೆ, 28.3ರಿಂದ ಗುಣಿಸಿದರೆ ಲೀಟರ್ ಆಯಿತು.

ಅಕ್ಕನ ಸ್ಪೀಕರಿನ ಅಂಕಿಗಳು ಹೀಗಿದ್ದವು: ಎಫ್‌ಎಸ್ 30 ಹರ್ಟ್ಸ್, ಕ್ಯೂಟಿಎಸ್ 0.45, ವಾಸ್ 60 ಲೀಟರ್.

ಸೀಲ್ಡ್ ಡಬ್ಬ, ಅಂದರೆ ಪೂರ್ತಿ ಮುಚ್ಚಿದ ಡಬ್ಬಕ್ಕೆ ಲೆಕ್ಕ ಸುಲಭ. ಸ್ಪೀಕರ್ ಮತ್ತು ಡಬ್ಬ ಸೇರಿದ ಮೇಲಿನ ಹಿಡಿತವನ್ನು ಕ್ಯೂಟಿಸಿ ಅನ್ನುತ್ತಾರೆ. 0.707 ಇಟ್ಟುಕೊಂಡರೆ ಯಾವ ಸ್ವರವೂ ಎದ್ದು ನಿಲ್ಲುವುದಿಲ್ಲ. 1 ದಾಟಿದರೆ ಗುಂಯ್ ಶುರುವಾಗುತ್ತದೆ. ನಿಮಗೆ ಬೇಕಾದ ಕ್ಯೂಟಿಸಿಯನ್ನು ಕ್ಯೂಟಿಎಸ್‌ನಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, 1 ಕಳೆಯಿರಿ. ವಾಸನ್ನು ಇದರಿಂದ ಭಾಗಿಸಿ. ಲೀಟರ್ ಕೈಗೆ ಬರುತ್ತದೆ.

ಒಂದು ಸಲ ಮಾಡಿ ನೋಡೋಣ. ಕ್ಯೂಟಿಸಿ 0.9 ಬೇಕು ಅಂದುಕೊಳ್ಳಿ. 0.9 ÷ 0.45 = 2. ಎರಡೆರಡ್ಲಿ 4. ಒಂದು ಕಳೆದರೆ 3. 60 ÷ 3 = 20 ಲೀಟರ್. ಆ ಮೊದಲಿನ 2 ಇದೆಯಲ್ಲ, ಅದನ್ನು ಎಫ್‌ಎಸ್‌ಗೆ ಗುಣಿಸಿದರೆ ಡಬ್ಬದೊಳಗಿನ ಹೊಸ ಅದುರು ಸಿಗುತ್ತದೆ: 60 ಹರ್ಟ್ಸ್. ಇನ್ನು 0.707ಕ್ಕೆ ಇದೇ ಲೆಕ್ಕ ಹಾಕಿದರೆ 41 ಲೀಟರ್, 47 ಹರ್ಟ್ಸ್ ಬರುತ್ತದೆ.

ಈ 47 ಅಥವಾ 60ರ ಕೆಳಗೆ ಸೀಲ್ಡ್ ಡಬ್ಬದ ಸದ್ದು ಇಳಿಯುತ್ತಾ ಹೋಗುತ್ತದೆ. ಹರ್ಟ್ಸ್ ಅರ್ಧ ಆದಾಗೆಲ್ಲ ಸುಮಾರು 12 ಡೆಸಿಬಲ್. ಇದನ್ನು ನೋಡಿಯೇ ತುಂಬ ಜನ ಗಾಬರಿಯಾಗಿ ದೊಡ್ಡ ಡಬ್ಬದ ಕಡೆ ಓಡುತ್ತಾರೆ. ಓಡುವ ಮುಂಚೆ ಒಂದು ನಿಮಿಷ ಕಾರಿನ ಬಗ್ಗೆ ಯೋಚಿಸಿ.

ಕಾರು ಕೂಡ ಒಂದು ಡಬ್ಬ

ಮನೆಯ ಹಾಲಿಗೂ ಕಾರಿಗೂ ಇರುವ ವ್ಯತ್ಯಾಸ ಇಲ್ಲಿದೆ, ಅಲ್ವಾ? ಕಾರಿನ ಒಳಗೆ ಉದ್ದ ಸುಮಾರು ಎರಡೂವರೆ ಮೀಟರ್. 30 ಹರ್ಟ್ಸ್‌ನ ಒಂದು ಅಲೆ ಹನ್ನೊಂದು ಮೀಟರಿಗೂ ಉದ್ದ. ಅಷ್ಟು ದೊಡ್ಡ ಅಲೆಗೆ ಕಾರಿನೊಳಗೆ ಹರಡಲು ಜಾಗವೇ ಇಲ್ಲ. ಹಾಗಾಗಿ ಒಳಗಿನ ಗಾಳಿ ಪೂರ್ತಿ ಒಟ್ಟಿಗೇ ಒತ್ತುತ್ತದೆ, ಒಟ್ಟಿಗೇ ಸಡಿಲುತ್ತದೆ. ಸೈಕಲ್ ಪಂಪಿನ ಬಾಯಿ ಮುಚ್ಚಿ ಹಿಡಿ ಒತ್ತಿದ ಹಾಗೆ. ಅಲೆಯ ಅರ್ಧ ಉದ್ದ ಕಾರಿನ ಉದ್ದಕ್ಕೆ ಸಮ ಆಗುವುದು 70 ಹರ್ಟ್ಸ್‌ನ ಆಸುಪಾಸಿನಲ್ಲಿ. ಅಲ್ಲಿಂದ ಕೆಳಗೆ ಕಾರು ತಾನೇ ಬೇಸನ್ನು ಏರಿಸುತ್ತಾ ಹೋಗುತ್ತದೆ. ಪುಸ್ತಕದ ಲೆಕ್ಕದಲ್ಲಿ ಹರ್ಟ್ಸ್ ಅರ್ಧ ಆದಾಗೆಲ್ಲ 12 ಡೆಸಿಬಲ್. ನಿಜವಾದ ಕಾರಿನಲ್ಲಿ ಡೋರು, ತಗಡು, ಗಾಜು ಎಲ್ಲ ಸ್ವಲ್ಪ ಅಲ್ಲಾಡುತ್ತವೆ, ಗಾಳಿ ಸೋರುತ್ತದೆ. ಅದಕ್ಕೇ ಅಷ್ಟು ಪೂರ್ತಿ ಸಿಗುವುದಿಲ್ಲ.

ಗಮನಿಸಿದಿರಾ? ಸೀಲ್ಡ್ ಡಬ್ಬ ಇಳಿಯುವುದೂ 12, ಕಾರು ಏರಿಸುವುದೂ ಹತ್ತಿರ ಹತ್ತಿರ ಅಷ್ಟೇ. ಒಂದು ಇಳಿದಲ್ಲಿ ಇನ್ನೊಂದು ಏರುತ್ತದೆ. ಡಬ್ಬದ ಅದುರು 50, 55ರ ಸುತ್ತ ಇದ್ದರೂ ಡೋರು ಹಾಕಿ ಸೀಟಿನಲ್ಲಿ ಕೂತವರಿಗೆ 30ರ ಸ್ವರ ಕೇಳಿಸುತ್ತದೆ. ನಾನು ಹೊಸ ಡಬ್ಬವನ್ನು ಮೊದಲು ಬಯಲಿನಲ್ಲಿ ನೆಲದ ಮೇಲಿಟ್ಟು, ಆಮೇಲೆ ಕಾರಿನಲ್ಲಿಟ್ಟು, ಗೇನ್, ಅಂದರೆ ಆಂಪಿನ ಮಟ್ಟ, ಮುಟ್ಟದೆ ಎರಡು ಕಡೆಯೂ ಕೇಳಿದೆ. ಬಯಲಿನಲ್ಲಿ ತೆಳ್ಳಗೆ, ಏನೋ ಕೊರತೆ ಅನ್ನಿಸುತ್ತಿದ್ದ ಅದೇ ಡಬ್ಬ ಕಾರಿನಲ್ಲಿ ಬೆನ್ನಿಗೆ ತಾಗುವಷ್ಟು ಆಳಕ್ಕೆ ಇಳಿಯಿತು. ಡಬ್ಬ ಮಾಡಿ ಮನೆಯೊಳಗೆ ಕೇಳಿ ನಿರಾಶರಾಗುವವರಿಗೆ ನಾನು ಹೇಳುವುದು ಒಂದೇ. ಕಾರಿನಲ್ಲಿ ಇಟ್ಟು ಕೇಳುವ ತನಕ ತೀರ್ಮಾನ ಮಾಡಬೇಡಿ.

ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ನಾನು 30 ಲೀಟರ್ ಆರಿಸಿದೆ. ಕ್ಯೂಟಿಸಿ 0.78, ಅದುರು 52 ಹರ್ಟ್ಸ್. 41 ಲೀಟರಿನಷ್ಟು ಡಿಕ್ಕಿ ಜಾಗ ತಿನ್ನುವುದಿಲ್ಲ, 20 ಲೀಟರಿನಷ್ಟು ಎದ್ದು ಕೂಗುವುದೂ ಇಲ್ಲ. ಅಕ್ಕನಿಗೆ ಡಿಕ್ಕಿಯಲ್ಲಿ ಸೂಟ್‌ಕೇಸಿಗೆ ಜಾಗ ಬೇಕಿತ್ತು, ಅದೂ ಒಂದು ಕಾರಣ.

ಪೈಪ್ ಇರುವ ಡಬ್ಬ ಯಾರಿಗೆ

ಪೋರ್ಟೆಡ್ ಡಬ್ಬ, ಅಂದರೆ ಪೈಪ್ ಇರುವ ಡಬ್ಬ, ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದೇ ವ್ಯಾಟಿಗೆ ಟ್ಯೂನಿಂಗ್ ಸುತ್ತಮುತ್ತ ಜಾಸ್ತಿ ಸದ್ದು ಕೊಡುತ್ತದೆ. ಬಾಟಲಿ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದಲ್ಲ, ಅದೇ ತತ್ವ. ಪೈಪಿನೊಳಗಿನ ಗಾಳಿ ಒಂದು ಭಾರ, ಡಬ್ಬದೊಳಗಿನ ಗಾಳಿ ಒಂದು ಸ್ಪ್ರಿಂಗ್. ಆದರೆ ಇಲ್ಲಿ ತಪ್ಪಿಗೆ ಜಾಗ ಕಮ್ಮಿ. ಟ್ಯೂನಿಂಗಿನ ಕೆಳಗೆ ಹರ್ಟ್ಸ್ ಅರ್ಧ ಆದಾಗೆಲ್ಲ 24 ಡೆಸಿಬಲ್ ಇಳಿಯುತ್ತದೆ, ಕೋನನ್ನು ಹಿಡಿಯುವ ಗಾಳಿ ಸ್ಪ್ರಿಂಗೂ ಇರುವುದಿಲ್ಲ. ಅಕ್ಕನ ಹಳೇ ಡಬ್ಬದಲ್ಲಿ 40ಕ್ಕೆ ಕೋನ್ ಕುಣಿದದ್ದು ಅದಕ್ಕೇ.

ಚೀಟಿಯಲ್ಲಿ ಕ್ಯೂಇಎಸ್ ಅಂತ ಒಂದು ಅಂಕಿ ಇರುತ್ತದೆ, ಸ್ಪೀಕರಿನ ಕಾಯಿಲ್ ಮತ್ತು ಮ್ಯಾಗ್ನೆಟ್ ಕೊಡುವ ಹಿಡಿತದ್ದು. ಎಫ್‌ಎಸ್ ಅನ್ನು ಅದರಿಂದ ಭಾಗಿಸಿ. 50ಕ್ಕಿಂತ ಕಮ್ಮಿ ಬಂದರೆ ಸೀಲ್ಡ್ ಕಡೆ ಹೋಗಿ. 100ರ ಹತ್ತಿರ ಅಥವಾ ಮೇಲೆ ಬಂದರೆ ಪೋರ್ಟ್. ನಡುವೆ ಇದ್ದರೆ ಎರಡೂ ಆಗುತ್ತದೆ, ನಿಮ್ಮ ಇಷ್ಟ.

ಪೈಪ್ ಉದ್ದದ ಲೆಕ್ಕ ಹೀಗೆ. ವ್ಯಾಸವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 23562ರಿಂದ ಗುಣಿಸಿ. ಇದನ್ನು ಒಂದು ಕಡೆ ಬರೆದಿಡಿ. ಬೇಕಾದ ಹರ್ಟ್ಸನ್ನು ಅದರಿಂದಲೇ ಗುಣಿಸಿ, ಡಬ್ಬದ ಲೀಟರಿನಿಂದ ಗುಣಿಸಿ. ಮೊದಲನೇದನ್ನು ಎರಡನೇದರಿಂದ ಭಾಗಿಸಿ. ಕೊನೆಗೆ ವ್ಯಾಸದ 0.73 ಪಾಲು ಕಳೆಯಿರಿ. 50 ಲೀಟರ್ ಡಬ್ಬ, 32 ಹರ್ಟ್ಸ್, 10 ಸೆಂ.ಮೀ. ಪೈಪ್ ಆದರೆ 38.7 ಸೆಂ.ಮೀ. ಬರುತ್ತದೆ. ಪವರ್ ಜಾಸ್ತಿ ಇದ್ದರೆ 10 ಸೆಂ.ಮೀ. ಪೈಪಿನಲ್ಲಿ ಗಾಳಿ ನುಗ್ಗಿ ಫುಸ್ ಫುಸ್ ಅನ್ನುತ್ತದೆ. ಸರಿ, 15 ಸೆಂ.ಮೀ. ಹಾಕೋಣ ಅಂದರೆ ಉದ್ದ 93 ಸೆಂ.ಮೀ.ಗೆ ಏರುತ್ತದೆ, ಪೈಪೊಂದೇ 16 ಲೀಟರ್ ಜಾಗ ನುಂಗುತ್ತದೆ. ಒಳ್ಳೆ ಪೋರ್ಟೆಡ್ ಡಬ್ಬ ಯಾಕೆ ಅಷ್ಟು ದೊಡ್ಡದಾಗಿರುತ್ತದೆ ಅನ್ನುವುದಕ್ಕೆ ಇದೇ ಉತ್ತರ. ಚಿಕ್ಕ ಡಬ್ಬಕ್ಕೆ ಗಿಡ್ಡ ಪೈಪ್ ಹಾಕಿದರೆ ಟ್ಯೂನಿಂಗ್ ಮೇಲಕ್ಕೆ ಹೋಗಿ 48ರಲ್ಲಿ ಕೂರುತ್ತದೆ.

ಪೋರ್ಟೇ ಬೇಕು ಅಂದರೆ ಪೈಪನ್ನು ಎರಡು ಮೂರು ಸೆಂ.ಮೀ. ಉದ್ದ ಬಿಟ್ಟು ಕೊಯ್ಯಿರಿ. ಕೋನ್ ನಿಲ್ಲುವ ಹರ್ಟ್ಸ್ ನೋಡುತ್ತಾ ಸ್ವಲ್ಪ ಸ್ವಲ್ಪ ಕತ್ತರಿಸಿ. ಗಿಡ್ಡ ಮಾಡಿದರೆ ಟ್ಯೂನಿಂಗ್ ಏರುತ್ತದೆ, ಉದ್ದ ಮಾಡೋಕೆ ಆಗುವುದಿಲ್ಲವಲ್ಲ. ಪೈಪಿನ ಒಳತುದಿಗೂ ಗೋಡೆಗೂ ನಡುವೆ ಕನಿಷ್ಠ ಒಂದು ವ್ಯಾಸದಷ್ಟು ಜಾಗ ಬಿಡಿ. ಆಂಪ್‌ನಲ್ಲಿ ಸಬ್‌ಸಾನಿಕ್ ಫಿಲ್ಟರ್ (ತೀರಾ ತಗ್ಗಿನ ಸ್ವರಗಳನ್ನು ತಡೆಯುವುದು) ಇದ್ದರೆ ಟ್ಯೂನಿಂಗಿಗಿಂತ ಸ್ವಲ್ಪ ಕೆಳಗೆ, 32ಕ್ಕೆ ಟ್ಯೂನ್ ಮಾಡಿದ್ದರೆ 27ರ ಹತ್ತಿರ ಇಡಿ. ಆ ಫಿಲ್ಟರ್ ಇಲ್ಲದ ಆಂಪಿಗೆ ಪೋರ್ಟೆಡ್ ಡಬ್ಬ ಕಟ್ಟಬೇಡಿ ಅಂತಲೇ ನನ್ನ ಸಲಹೆ. ಸ್ಪೀಕರ್ ಹರಿದುಹೋಗಬಹುದು.

ಒಳಗಿನ ಅಳತೆ, ಹೊರಗಿನದಲ್ಲ

ನನ್ನ ಜೀವನದ ಮೊದಲ ಡಬ್ಬ ಹಾಳಾದದ್ದು ಇಲ್ಲೇ. ಅದು ನನ್ನದೇ ಕಾರಿಗೆ ಮಾಡಿದ್ದು. ಲೆಕ್ಕ ಸರಿಯಾಗಿ ಹಾಕಿ, ಬಂದ ಅಳತೆಯನ್ನು ಹೊರಗಡೆಯಿಂದ ಹಿಡಿದೆ. ಹಲಗೆ ಒಳಗಿನ ಜಾಗವನ್ನು ಎಷ್ಟು ತಿನ್ನುತ್ತದೆ ಅಂತ ಆಗ ಅಂದಾಜೇ ಇರಲಿಲ್ಲ.

ಅಕ್ಕನ ಡಬ್ಬದ ಲೆಕ್ಕವನ್ನೇ ನೋಡಿ. ಬೇಕಾದದ್ದು 30 ಲೀಟರ್. ಸ್ಪೀಕರಿನ ಮ್ಯಾಗ್ನೆಟ್ಟು, ಬುಟ್ಟಿ ಸೇರಿ ಎರಡೂವರೆ ಲೀಟರ್ ಜಾಗ ಹಿಡಿಯುತ್ತದೆ ಅಂತ ಚೀಟಿಯಲ್ಲಿತ್ತು. ಒಳಗಿನ ಆಸರೆ ಕಟ್ಟಿಗೆಗೆ ಅರ್ಧ ಲೀಟರ್. ಒಟ್ಟು 33. ಒಳಗೆ 52 × 32 × 20 ಸೆಂ.ಮೀ. ಇಟ್ಟರೆ 33.3 ಲೀಟರ್ ಆಯಿತು. 18 ಎಂ.ಎಂ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಮುಂದಿನ ಹಲಗೆ ಜೋಡಿ. ಆಗ ಹೊರಗಿನ ಅಳತೆ 55.6 × 35.6 × 25.4. ಹೊರಗಿಂದ ಗುಣಿಸಿದರೆ 50 ಲೀಟರ್! ಒಳಗಿರುವುದು ಮಾತ್ರ 33. ಇದನ್ನೇ ತಿರುಗಿಸಿ, 52 × 32 × 20 ಅನ್ನು ಹೊರಗಿನ ಅಳತೆ ಅಂತ ಹಿಡಿದಿದ್ದರೆ ಒಳಗೆ ಬರೀ 20 ಲೀಟರ್ ಉಳಿಯುತ್ತಿತ್ತು. ಸ್ಪೀಕರ್ ಕೂತ ಮೇಲೆ 17. ಕ್ಯೂಟಿಸಿ 0.96, ಅದುರು 64 ಹರ್ಟ್ಸ್. ಅಂದರೆ ಬೇರೆಯದೇ ಡಬ್ಬ.

ಕೊಯ್ಯುವ ಪಟ್ಟಿ ಇಷ್ಟೇ: 55.6 × 35.6ರ ಮೂರು, ಮುಂದಕ್ಕೆ ಎರಡು, ಹಿಂದಕ್ಕೆ ಒಂದು. ಮೇಲೆ ಕೆಳಗೆ 55.6 × 20ರ ಎರಡು. ಪಕ್ಕಕ್ಕೆ 32 × 20ರ ಎರಡು. ಹಿಂದಿನ ಸೀಟಿನ ಓರೆಗೆ ಹೊಂದುವ ಡಬ್ಬ ಬೇಕಿದ್ದರೆ, ಒಳಗಿನ ಮೇಲ್ಭಾಗದ ಆಳ ಮತ್ತು ತಳದ ಆಳ ಕೂಡಿಸಿ ಅರ್ಧ ಮಾಡಿ, ಎತ್ತರಕ್ಕೂ ಅಗಲಕ್ಕೂ ಗುಣಿಸಿ. ಆಕಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 50 ಹರ್ಟ್ಸ್‌ನ ಅಲೆ ಹತ್ತಿರ ಹತ್ತಿರ ಏಳು ಮೀಟರ್, ಅದಕ್ಕೆ ಡಬ್ಬ ಓರೆಯೋ ಚೌಕವೋ ಗೊತ್ತಾಗುವುದಿಲ್ಲ. ಲೀಟರ್ ಸರಿ ಇರಬೇಕು, ಸ್ಪೀಕರಿನ ಬೆನ್ನು ಹಿಂದಿನ ಹಲಗೆಗೆ ತಾಗದೆ ಗಾಳಿ ಆಡಲು ಎರಡು ಮೂರು ಸೆಂ.ಮೀ. ಜಾಗ ಇರಬೇಕು. ಅಷ್ಟೇ.

ಕಟ್ಟುವಾಗ

ಎಂಡಿಎಫ್ ಕೊಯ್ಯುವಾಗ ಮಾಸ್ಕ್ ಹಾಕಿಕೊಳ್ಳಿ, ಬಯಲಿನಲ್ಲಿ ಕೊಯ್ಯಿರಿ. ಆ ಪುಡಿ ಹಿಟ್ಟಿನಷ್ಟು ನುಣ್ಣಗಿರುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಂಚಿಗೆ ಸ್ಕ್ರೂ ಹಾಕುವ ಮುಂಚೆ ಸಣ್ಣ ಬಿಟ್‌ನಲ್ಲಿ ತೂತು ಕೊರೆಯಲೇಬೇಕು, ಇಲ್ಲದಿದ್ದರೆ ಎಂಡಿಎಫ್ ಎಲೆ ಎಲೆಯಾಗಿ ಸೀಳುತ್ತದೆ. 15 ಸೆಂ.ಮೀ.ಗೊಂದು ಸ್ಕ್ರೂ ಸಾಕು. ಡಬ್ಬವನ್ನು ನಿಜವಾಗಿ ಹಿಡಿಯುವುದು ಮರದ ಅಂಟು. ಬಿಗಿ ಮಾಡಿದಾಗ ಸಂದಿನುದ್ದಕ್ಕೂ ಅಂಟು ಸಣ್ಣ ಸಣ್ಣ ಮಣಿಗಳ ಹಾಗೆ ಹೊರಗೆ ಬರಬೇಕು. ಎಲ್ಲಿ ಮಣಿ ಇಲ್ಲವೋ ಅಲ್ಲಿ ಅಂಟು ಕಮ್ಮಿ ಅಂತ ಅರ್ಥ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಬಿಡಿ.

ದೊಡ್ಡ ಹಲಗೆ ತಾನೇ ಅದುರಿದರೆ ಬೇಸ್ ಮಸುಕಾಗುತ್ತದೆ. ಮುಂದಿನ ಹಲಗೆಯಿಂದ ಹಿಂದಿನದಕ್ಕೆ ಒಂದು ಗಟ್ಟಿ ಕಟ್ಟಿಗೆ ಆಸರೆ ಕೊಡಿ, ಸ್ಪೀಕರಿಗೆ ತಾಗದ ಜಾಗ ನೋಡಿ. ಬೆರಳ ಗಂಟಿನಿಂದ ತಟ್ಟಿದರೆ ಆಸರೆಗೆ ಮುಂಚೆ ಡಬ್ ಅನ್ನುವ ಹಲಗೆ ಆಮೇಲೆ ಟಕ್ ಅನ್ನುತ್ತದೆ. ಆ ಟಕ್ ಕೇಳಿಸಿದರೆ ಸಾಕು.

ಒಳಗಿನ ಸಂದುಗಳಿಗೆ ಸಿಲಿಕೋನ್ ಎಳೆದು, ವಿನೆಗರ್ ವಾಸನೆ ಪೂರ್ತಿ ಹೋಗುವ ತನಕ ಸ್ಪೀಕರ್ ಕೂರಿಸಬೇಡಿ. ಆ ಹೊಗೆ ಸ್ಪೀಕರಿನ ಒಳಭಾಗಗಳಿಗೆ ಒಳ್ಳೆಯದಲ್ಲ. ಸ್ಪೀಕರ್ ಕೆಳಗೆ ಫೋಮ್ ಪಟ್ಟಿ ಮರೆಯಬೇಡಿ.

ಆಮೇಲೆ ಸೋರಿಕೆ ಪರೀಕ್ಷೆ. ಎರಡೂ ಅಂಗೈಯನ್ನು ಕೋನಿನ ಎರಡು ಬದಿಗೆ ಸಮವಾಗಿ ಇಟ್ಟು ಮೆಲ್ಲಗೆ ಒತ್ತಿ, ಸ್ವಲ್ಪ ಹೊತ್ತು ಹಿಡಿದು ಬಿಡಿ. ಒತ್ತುವಾಗ ಗಾಳಿ ತುಂಬಿದ ದಿಂಬಿನ ಹಾಗೆ ಎದುರು ಒತ್ತಡ ಸಿಗಬೇಕು. ಸಿಗದೆ ಸುಮ್ನೆ ಒಳಗೆ ಹೋಯಿತೋ, ಎಲ್ಲೋ ಸೋರುತ್ತಿದೆ. 30 ಹರ್ಟ್ಸ್ ಟೋನ್ ಹಾಕಿ, ಒದ್ದೆ ಕೈಯನ್ನು ಸಂದುಗಳ ಮೇಲೆ ಆಡಿಸಿ. ಸೋರುವಲ್ಲಿ ತಣ್ಣಗೆ ತಾಗುತ್ತದೆ. ನನಗೆ ಅದು ಸಿಕ್ಕಿದ್ದು ವೈರ್ ಟರ್ಮಿನಲ್ ಹತ್ತಿರ, ಒಂದು ಸ್ಕ್ರೂ ಸಡಿಲ ಇತ್ತು.

ಸೀಲ್ಡ್ ಡಬ್ಬ ಸ್ವಲ್ಪ ಚಿಕ್ಕದಾಯಿತು ಅನ್ನಿಸಿದರೆ ದಿಂಬಿಗೆ ಹಾಕುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ಬಿಡಿಸಿ ತುಂಬಿ. ಡಬ್ಬ ಶೇಕಡ 10ರಷ್ಟಾದರೂ ದೊಡ್ಡದಾದ ಹಾಗೆ ನಡೆದುಕೊಳ್ಳುತ್ತದೆ. ಪೋರ್ಟೆಡ್ ಡಬ್ಬಕ್ಕೆ ತುಂಬಬೇಡಿ, ಪೈಪ್ ಬಾಯಿಗೆ ಹೋಗಿ ಕೂರುತ್ತದೆ.

ಕಾರಿನಲ್ಲಿ ಕೂರಿಸುವುದು

ಡಬ್ಬದ ಮುಖ ಯಾವ ಕಡೆಗೆ ಅನ್ನುವುದನ್ನು ಯಾರ ಮಾತಿನ ಮೇಲೂ ತೀರ್ಮಾನಿಸಬೇಡಿ. ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ ತಿರುಗಿಸಿ, ಡಿಕ್ಕಿ ಮುಚ್ಚಿ, ಒಂದೇ ಹಾಡನ್ನು ಒಂದೇ ಗೇನ್‌ನಲ್ಲಿ ಕೇಳಿ. ಅಕ್ಕ ಸ್ಟೇರಿಂಗ್ ಮುಂದೆ ಕಣ್ಣು ಮುಚ್ಚಿ ಕೂತಳು, ನಾನು ತಿರುಗಿಸುತ್ತಾ ಹೋದೆ. ಡಿಕ್ಕಿ ಬಾಗಿಲ ಕಡೆ ಮುಖ ಮಾಡಿ, ಒಂದು ಗೇಣು ದೂರ ಇಟ್ಟಾಗ "ಇದೇ ಇರಲಿ ಕಣೋ" ಅಂದಳು. ನಿಮ್ಮ ಕಾರಿನಲ್ಲಿ ಬೇರೆ ಬರಬಹುದು.

ಆಂಪಿನ ಲೋ ಪಾಸ್ ಫಿಲ್ಟರ್ (ಮೇಲಿನ ಸ್ವರಗಳು ಸಬ್‌ವೂಫರಿಗೆ ಹೋಗದ ಹಾಗೆ ತಡೆಯುವುದು) 80 ಹರ್ಟ್ಸ್‌ನಿಂದ ಶುರು ಮಾಡಿ. ಆಮೇಲೆ ಆಂಪಿನ ಫೇಸ್ ಸ್ವಿಚ್ಚನ್ನು (ಕೋನ್ ಆಡುವ ದಿಕ್ಕನ್ನು ಉಲ್ಟಾ ಮಾಡುವುದು) 0 ಮತ್ತು 180ಕ್ಕೆ ಹಾಕಿ ನೋಡಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ, ಡಿಕ್ಕಿಯಿಂದ ಅಲ್ಲ ಎದುರಿನಿಂದಲೇ ಬಂದ ಹಾಗೆ ಕೇಳುತ್ತದೋ, ಅದು ಸರಿ. ಬೇಸ್ ಬೂಸ್ಟ್ ಸೊನ್ನೆಯಲ್ಲೇ ಇರಲಿ. ಲೆಕ್ಕ ಹಾಕಿ ಮಾಡಿದ ಡಬ್ಬಕ್ಕೆ ಅದು ಬೇಡ. ಕೊನೆಗೆ 30ರಿಂದ 80 ಹರ್ಟ್ಸ್ ತನಕ ಟೋನ್ ಹಾಕುತ್ತಾ ಹೋಗಿ. ಯಾವುದಾದರೂ ಒಂದು ಹರ್ಟ್ಸ್‌ಗೆ ನಂಬರ್ ಪ್ಲೇಟೋ ಡಿಕ್ಕಿಯ ಪ್ಲಾಸ್ಟಿಕ್ಕೋ ಗಿರ್ ಅಂದರೆ ಅಲ್ಲಿಗೊಂದು ಫೋಮ್ ತುಂಡು ಅಂಟಿಸಿ. ಡಬ್ಬದ ಮೇಲೆ ಸುಮ್ನೆ ಅನುಮಾನ ಪಡುವುದು ತಪ್ಪುತ್ತದೆ.

ಈ ಡಬ್ಬದ ಮರವೊಂದೇ ಸುಮಾರು 13 ಕೆ.ಜಿ. ಮ್ಯಾಗ್ನೆಟ್ ಸೇರಿದರೆ ಇನ್ನೂ ಭಾರ. ಜೋರಾಗಿ ಬ್ರೇಕ್ ಹಾಕಿದಾಗ ಅದು ಹಿಂದಿನ ಸೀಟಿಗೆ ಬಂದು ಗುದ್ದುತ್ತದೆ, ಅಪಘಾತದಲ್ಲಿ ಸೀಟು ತಡೆಯದೆಯೂ ಹೋಗಬಹುದು. ಲೋಹದ ಎಲ್ ಪಟ್ಟಿ ಹಾಕಿ ಕಾರಿನ ಮೈಗೆ ಬೋಲ್ಟ್ ಮಾಡಿ, ಅಥವಾ ಡಿಕ್ಕಿಯ ಕೊಂಡಿಗಳಿಗೆ ಬಿಗಿ ಪಟ್ಟಿ ಕಟ್ಟಿ. ಬೋಲ್ಟ್ ಕೊರೆಯುವ ಮುಂಚೆ ಕೆಳಗೆ ಇಂಧನ ಟ್ಯಾಂಕು, ಬ್ರೇಕ್ ಪೈಪು, ವೈರು ಇಲ್ಲ ಅಂತ ಕಾರಿನಡಿ ಬಗ್ಗಿ ನೋಡಿ. ಒಂದು ತಿಂಗಳು ಓಡಿಸಿದ ಮೇಲೆ ಸ್ಪೀಕರಿನ ಸ್ಕ್ರೂಗಳನ್ನು ಎದುರು ಬದುರಾಗಿ ಇನ್ನೊಮ್ಮೆ ಬಿಗಿ ಮಾಡಿ. ಫೋಮ್ ಅಷ್ಟರಲ್ಲಿ ಕುಗ್ಗಿರುತ್ತದೆ, ಅರ್ಧ ಸುತ್ತು ಹಿಡಿಯುತ್ತದೆ.